ಹಳೇ ಹೊಲಿಗೆ ಮಷಿನ್‌ಗೆ ಕಂಡವರ ಕೈಯಲ್ಲಿ ಎಣ್ಣೆ ಹಾಕಿಸಬೇಡಿ

ಮನೆಯಲ್ಲಿ ಅಜ್ಜಿ ಕಾಲದ ಕಪ್ಪು ಕಾಲುಮಷಿನ್ ಇಟ್ಟುಕೊಂಡವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನ ಮಷಿನ್ ಕೆಟ್ಟಿದ್ದು ಎಣ್ಣೆ ಹಾಕದೆ ಅಲ್ಲ, ಎಣ್ಣೆ ಹಾಕಿದ್ದರಿಂದ.

ಅದು ನಮ್ಮ ಆಯಿಯ, ಅಂದರೆ ಅಜ್ಜಿಯ ಮಷಿನ್. ಸಿಂಗರ್ 15ಕೆ. ಆ ‘ಕೆ’ ಅಂದರೆ ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಊರಲ್ಲಿದ್ದ ಕಾರ್ಖಾನೆಯ ಗುರುತು. ಆ ಕಾರ್ಖಾನೆ 1980ರಲ್ಲೇ ಮುಚ್ಚಿತು. ಆಯಿ ಬೆಟಗೇರಿಯಲ್ಲಿ ಇದರ ಮೇಲೆ ಕುಪ್ಪಸ ಹೊಲಿದೇ ಮೂರು ಮಕ್ಕಳನ್ನು ಓದಿಸಿದಳು. ಅವಳ ನಂತರ ಅವ್ವ ಹೊಲಿದಳು. ಈಗ ಹಳೇ ಹುಬ್ಬಳ್ಳಿಯಲ್ಲಿ ನಾನು. ನಮ್ಮ ಮನೆ ನಡೆಯುವುದೂ ಇದರಿಂದಲೇ.

ಹೋದ ವರ್ಷ ಶ್ರಾವಣದಲ್ಲಿ ಕೆಲಸ ಜಾಸ್ತಿ ಇತ್ತು. ಮಷಿನ್ ಸ್ವಲ್ಪ ಸದ್ದು ಮಾಡುತ್ತಿತ್ತು. ಅದೇ ಹೊತ್ತಿಗೆ ನಮ್ಮ ಓಣಿಗೆ ಒಬ್ಬ ಮನುಷ್ಯ ಬಂದ. ಹೆಗಲಿಗೆ ಚೀಲ, ಚೀಲದಲ್ಲಿ ಪಾನಾ, ಸ್ಕ್ರೂಡ್ರೈವರ್. "ಅಕ್ಕಾರ, ನೂರೈವತ್ತು ಕೊಡ್ರಿ, ಬೆಣ್ಣಿ ಹಂಗ ಓಡೂ ಹಂಗ ಮಾಡಿ ಕೊಡ್ತೀನಿ" ಅಂದ. ಒಪ್ಪಿಕೊಂಡೆ. ನೀರಿನ ಬಾಟಲಿಯೊಂದರಲ್ಲಿ ಹಳದಿ ಎಣ್ಣೆ ತಂದಿದ್ದ. ಬಾಟಲಿ ಮೇಲೆ ಚೀಟಿ ಇಲ್ಲ, ಹೆಸರಿಲ್ಲ. ಒಂದೊಂದು ತೂತಿಗೂ ಒಗ್ಗರಣೆಗೆ ಸುರಿದ ಹಾಗೆ ಸುರಿದ. ಆಮೇಲೆ ಬಟ್ಟೆಗೆ ಸ್ಪಿರಿಟ್ ಹಚ್ಚಿ ಮಷಿನ್ ಮೈಯೆಲ್ಲ ತಿಕ್ಕಿದ.

ಬಟ್ಟೆಯ ಮೇಲೆ ಬಂಗಾರದ ಬಣ್ಣ ಕಂಡಾಗ ನನ್ನ ಎದೆ ಧಸಕ್ಕೆಂದಿತು. ಅಷ್ಟರಲ್ಲಿ ಸಿಂಗರ್ ಅನ್ನುವ ಅಕ್ಷರಗಳಲ್ಲಿ ಅರ್ಧ ಹೋಗಿಯಾಗಿತ್ತು. ಈ ಹಳೇ ಮಷಿನ್‌ಗಳ ಬಂಗಾರದ ಚಿತ್ತಾರದ ಮೇಲೆ ಎಷ್ಟೋ ಕಡೆ ಅರಗಿನ ಮೆರುಗು ಕೊಟ್ಟಿರುತ್ತಾರೆ. ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ. ಮೆರುಗು ಹೋದರೆ ಚಿತ್ತಾರವೂ ಅದರ ಹಿಂದೆಯೇ ಹೋಗುತ್ತದೆ. ಮತ್ತೆ ಬರುವುದಿಲ್ಲ.

ಆದರೂ ಮಷಿನ್ ಓಡಿತು. ಇದನ್ನೇ ನಾನು ಒತ್ತಿ ಹೇಳಬೇಕಾಗಿರುವುದು. ಆ ದಿನ ಅದು ನಿಜಕ್ಕೂ ಬೆಣ್ಣೆಯ ಹಾಗೆ ಓಡಿತು. ಸದ್ದೇ ಇಲ್ಲ. ನಾನು ಖುಷಿಯಾಗಿ ಅವನನ್ನು ಪಕ್ಕದ ಮನೆಯ ಅಕ್ಕನ ಹತ್ತಿರವೂ ಕಳಿಸಿದೆ. ಯಾವ ಎಣ್ಣೆ ಹಾಕಿದರೂ ಮೊದಲ ದಿನ ಮಷಿನ್ ಹಗುರಾಗಿಯೇ ಓಡುತ್ತದೆ. ಎಣ್ಣೆ ಎಂಥದ್ದು ಅಂತ ಗೊತ್ತಾಗುವುದು ತಿಂಗಳು ಕಳೆದ ಮೇಲೆ.

ದಸರಾ ಹೊತ್ತಿಗೆ ಬೆಳಿಗ್ಗೆ ಬೆಳಿಗ್ಗೆ ಚಕ್ರ ಭಾರ ಅನ್ನಿಸತೊಡಗಿತು. ಹತ್ತು ನಿಮಿಷ ತುಳಿದರೆ ಸಡಿಲಾಗುತ್ತಿತ್ತು. ಚಳಿಗೆ ಇರಬೇಕು ಅಂತ ಸುಮ್ನಾದೆ. ಒಂದು ದಿನ ಗುಳೇದಗುಡ್ಡದ ಖಣ ಹೊಲಿಯುತ್ತಿದ್ದೆ, ಸೂಜಿ ಕಂಬಿಯಿಂದ ಕಂದು ಬಣ್ಣದ ಒಂದು ಹನಿ ಬಿತ್ತು. ಎಷ್ಟು ತೊಳೆದರೂ ಕಲೆ ಹೋಗಲಿಲ್ಲ. ಗಿರಾಕಿಗೆ ಹೊಸ ಖಣ ತಂದುಕೊಟ್ಟೆ.

ಆಮೇಲೆ ನಾನೂ ಒಂದು ತಪ್ಪು ಮಾಡಿದೆ. ನನ್ನ ತಮ್ಮ ಅವನ ಬೈಕಿಗೆ ಹೊಡೆಯುವ ತುಕ್ಕು ಬಿಡಿಸುವ ಸ್ಪ್ರೇ ತಂದು ಎಲ್ಲ ತೂತುಗಳಿಗೂ ಹೊಡೆದೆ. ಎರಡು ದಿನ ಮಷಿನ್ ಹಗುರಾಯಿತು. ಮೂರನೇ ದಿನ ಕಿರ್ ಕಿರ್ ಅನ್ನತೊಡಗಿತು. ಅಂಥ ಸ್ಪ್ರೇಯಲ್ಲಿ ಬೇಗ ಆರಿಹೋಗುವ ದ್ರಾವಣವೇ ಜಾಸ್ತಿ. ಅದು ಅಂಟನ್ನು ಸ್ವಲ್ಪ ಕರಗಿಸುತ್ತದೆ, ಅಳಿದುಳಿದ ಎಣ್ಣೆಯನ್ನೂ ತೊಳೆಯುತ್ತದೆ, ತಾನು ಆರಿಹೋಗುತ್ತದೆ. ಕೊನೆಗೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತದೆ. ತುಕ್ಕು ಹಿಡಿದ ಸ್ಕ್ರೂ ಬಿಚ್ಚಲು ಅದು ಒಳ್ಳೆಯದೇ. ಎಣ್ಣೆಯ ಬದಲಿಗೆ ಅಲ್ಲ.

ಡಿಸೆಂಬರಿನ ಒಂದು ಬೆಳಿಗ್ಗೆ ಚಕ್ರ ಅಲುಗಲೇ ಇಲ್ಲ. ಜೋರಾಗಿ ತುಳಿದೆ. ಟಕ್ ಅಂತು. ಸೂಜಿ ಕಂಬಿ ತನ್ನ ಹಿಡಿತದಲ್ಲೇ ಜಾರಿ ಅದರ ಎತ್ತರ ತಪ್ಪಿತ್ತು. ಆಮೇಲೆ ಹೇಗೋ ತಿರುಗಿಸಿದರೂ ಹೊಲಿಗೆ ಬಿಟ್ಟು ಬಿಟ್ಟು ಬೀಳುತ್ತಿತ್ತು.

ಮಷಿನ್ ತಲೆಯನ್ನು ಬಿಚ್ಚಿ, ಬಟ್ಟೆಯಲ್ಲಿ ಸುತ್ತಿಕೊಂಡು, ಬಸ್ಸಿನಲ್ಲಿ ಬೆಟಗೇರಿಗೆ ಒಯ್ದೆ. ಅಲ್ಲಿ ಆಯಿಯ ಕಾಲದಿಂದಲೂ ಮಷಿನ್ ನೋಡುವ ಒಬ್ಬರು ಕಾಕಾ ಇದ್ದಾರೆ. ಸೂಜಿ ಪಕ್ಕದ ಮುಚ್ಚಳ ತೆಗೆದು ಒಳಗೆ ತೋರಿಸಿದರು. ಬೆಳ್ಳಿಯ ಹಾಗೆ ಹೊಳೆಯಬೇಕಿದ್ದ ಕಂಬಿಗೆ ಬೆಲ್ಲದ ಪಾಕ ಬಳಿದ ಹಾಗೆ ಕಂದು ಪದರ. ನಾನು ತುಕ್ಕು ಅಂದುಕೊಂಡೆ. ಕಾಕಾ ಉಗುರಿನಿಂದ ಕೆರೆದರು. ಹಳದಿ ಸಿಪ್ಪೆ ಎದ್ದು ಬಂತು.

"ಇದು ಜಂಗ ಅಲ್ಲವ್ವ. ಎಣ್ಣಿ ಒಣಗಿ ಅರಗಿನಂಗ ಆಗೇತಿ. ನಿಮ್ಮ ಆಯಿ ಇದ್ದಿದ್ರ ಇಂಥಾದ್ದು ಮುಟ್ಟಸ್ತಿದ್ದಿಲ್ಲ" ಅಂದರು. ನನಗೆ ಕಣ್ಣಲ್ಲಿ ನೀರು ಬಂತು.

ಅವನು ಹಾಕಿದ್ದು ಅಡುಗೆ ಎಣ್ಣೆ. ಕುಸುಬಿಯೋ ಸೂರ್ಯಕಾಂತಿಯೋ ಇರಬೇಕು ಅಂತ ಕಾಕಾ ಮೂಸಿ ನೋಡಿ ಹೇಳಿದರು. ನಮ್ಮ ಕಡೆ ಕುಸುಬಿ ಎಣ್ಣೆ ಮನೆಮನೆಯಲ್ಲಿರುತ್ತದೆ. ತಿನ್ನಲು ಒಳ್ಳೆಯದು. ಆದರೆ ಗಾಳಿ ತಾಗಿದರೆ ಅದು ನಿಧಾನಕ್ಕೆ ದಪ್ಪಗಾಗಿ ಒಣಗಿ ಪದರವಾಗುತ್ತದೆ. ಅಗಸೆ ಎಣ್ಣೆಯನ್ನು ಬಣ್ಣಕ್ಕೆ, ವಾರ್ನಿಶ್‌ಗೆ ಹಾಕುವುದೇ ಈ ಗುಣಕ್ಕಾಗಿ. ಕರಿಯುವ ಬಾಣಲೆಯ ಅಂಚಿಗೆ ಹತ್ತಿದ ಅಂಟು ತಿಕ್ಕಿ ನೋಡಿದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಅದೇ ಅಂಟು ನಿಮ್ಮ ಮಷಿನ್ ಒಳಗೆ, ಕೂದಲೆಳೆಯಷ್ಟು ಸಂದಿಯಲ್ಲಿ ಕೂತರೆ ಏನಾದೀತು? ಶೇಂಗಾ ಎಣ್ಣೆಯೂ ಬೇಡ. ಕೊಬ್ಬರಿ ಎಣ್ಣೆ ಹಾಗೆ ಒಣಗುವುದಿಲ್ಲ, ಆದರೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಧಾರವಾಡದ ಚಳಿಗಾಲದ ಬೆಳಿಗ್ಗೆ ತಲೆಗೆ ಹಚ್ಚುವ ಬಾಟಲಿಯನ್ನು ಬಿಸಿನೀರಲ್ಲಿ ಇಡುತ್ತೀರಲ್ಲ, ಮಷಿನ್ ಒಳಗೂ ಅದೇ ಆಗುವುದು. ಗಾಡಿಯ ಆಯಿಲ್ ದಪ್ಪ, ಸಣ್ಣ ಸಂದಿಗೆ ಇಳಿಯದು. ಗಾಡಿಯಿಂದ ಇಳಿಸಿದ ಹಳೇ ಆಯಿಲ್‌ನಲ್ಲಂತೂ ಮಸಿಯೂ ಕಬ್ಬಿಣದ ಸಣ್ಣ ಪುಡಿಯೂ ಇರುತ್ತದೆ. ಅದು ಮಷಿನ್ ತಿನ್ನುತ್ತದೆ.

ಬೇಕಾಗಿರುವುದು ಹೊಲಿಗೆ ಮಷಿನ್ ಎಣ್ಣೆ ಮಾತ್ರ. ಖನಿಜ ಎಣ್ಣೆಯನ್ನು ಚೆನ್ನಾಗಿ ಶುದ್ಧ ಮಾಡಿ ತೆಗೆದದ್ದು. ನೀರಿನ ಹಾಗೆ ಬಣ್ಣವಿಲ್ಲ, ತೆಳ್ಳಗೆ, ಹೆಚ್ಚುಕಡಿಮೆ ವಾಸನೆಯೇ ಇಲ್ಲ. ಟೇಲರ್ ಸಾಮಾನಿನ ಅಂಗಡಿಯಲ್ಲಿ ಸಣ್ಣ ಬಾಟಲಿಗೆ ಸಿಗುತ್ತದೆ, ದುಬಾರಿಯೇನಲ್ಲ. ಸೀಲ್ ಇರುವುದನ್ನೇ ಕೊಳ್ಳಿ. ಹಳದಿ ಇದ್ದರೆ, ಡೀಸೆಲ್ ವಾಸನೆ ಬಂದರೆ ಬೇಡ.

ಕಾಕಾ ಐದು ದಿನ ಕೆಲಸ ಮಾಡಿದರು. ಸೂಜಿ, ದಾರ, ಬಾಬಿನ್ ಕೇಸ್ ತೆಗೆದಿಟ್ಟು ತೂತು ತೂತಿಗೂ ಚಿಮಣಿ ಎಣ್ಣೆ (ಸೀಮೆಎಣ್ಣೆ) ಬಿಟ್ಟು ರಾತ್ರಿಯಿಡೀ ನೆನೆಯಲು ಬಿಟ್ಟರು. ಬೆಳಿಗ್ಗೆ ಚಕ್ರವನ್ನು ಕೈಯಿಂದ ಹಿಂದೆ ಮುಂದೆ ಸ್ವಲ್ಪ ಸ್ವಲ್ಪವೇ ಅಲುಗಿಸಿದರು. ಕಂದು ನೀರು ಇಳಿಯಿತು. ಒರೆಸಿ ಮತ್ತೆ ಬಿಟ್ಟರು. ಬಟ್ಟೆಯನ್ನು ಮುಂದೆ ತಳ್ಳುವ ಹಲ್ಲಿನ ಕೆಳಗೆ ಹತ್ತಿಯ ನಾರೂ ಎಣ್ಣೆಯೂ ಸೇರಿ ಕಂಬಳಿಯ ತುಂಡಿನಂತೆ ಗಟ್ಟಿಯಾಗಿದ್ದನ್ನು ಬಿದಿರ ಕಡ್ಡಿಯಿಂದ ಕಿತ್ತರು. ಮೂರನೇ ದಿನ ಚಕ್ರ ಪೂರ್ತಿ ಒಂದು ಸುತ್ತು ತಿರುಗಿತು. ಕೊನೆಗೆ ಸೂಜಿ ಕಂಬಿಯ ಎತ್ತರ ಸರಿ ಮಾಡಿದರು. ಮನೆಯಲ್ಲಿ ನೀವೂ ಮಾಡಬಹುದು, ಆದರೆ ಒಲೆಯಿಂದ ದೂರ, ಕಿಟಕಿ ತೆರೆದು. ಮೋಟರ್ ಇದ್ದರೆ ಬಿಚ್ಚಿಟ್ಟು. ಬಂಗಾರದ ಚಿತ್ತಾರದ ಮೇಲೆ ಚಿಮಣಿ ಎಣ್ಣೆ ನಿಲ್ಲಲು ಬಿಡಬೇಡಿ, ಅಲ್ಲಿಗೆ ಮಷಿನ್ ಎಣ್ಣೆ ತಾಗಿಸಿದ ಮೆತ್ತನೆಯ ಬಟ್ಟೆ ಸಾಕು. ಚಿಮಣಿ ಎಣ್ಣೆ ತೊಳೆಯುವುದಕ್ಕೆ ಮಾತ್ರ. ಅದನ್ನು ಒರೆಸಿದ ಮೇಲೆ ಮಷಿನ್ ಎಣ್ಣೆ ಹಾಕಲೇಬೇಕು.

ಹಾಕುವುದು ಒಂದೊಂದೇ ಹನಿ. ಮೇಲಿನ ತೂತುಗಳಿಗೆ, ಸೂಜಿ ಕಂಬಿಗೆ, ತಲೆ ಎತ್ತಿ ಕೆಳಗೆ ಕಬ್ಬಿಣಕ್ಕೆ ಕಬ್ಬಿಣ ತಾಗುವ ಎಲ್ಲ ಕಡೆಗೆ. ಬಾಬಿನ್ ಕೇಸ್ ಕೂರುವ ಶಟಲ್ ತಿರುಗುವ ಜಾಗವನ್ನು ಮರೆಯಬೇಡಿ. ಕಾಲಿನ ಪೆಡಲ್, ಚಕ್ರದ ಕೀಲುಗಳಿಗೂ ಬೇಕು. ಬೆಲ್ಟಿಗೆ, ದಾರ ಬಿಗಿ ಹಿಡಿಯುವ ಟೆನ್ಷನ್ ಬಿಲ್ಲೆಗಳಿಗೆ, ಬಾಬಿನ್ ಸುತ್ತುವ ರಬ್ಬರಿಗೆ ಒಂದು ಹನಿಯೂ ಬೇಡ. ಎಣ್ಣೆ ಹಾಕಿ ಚಿಂದಿ ಬಟ್ಟೆಯ ಮೇಲೆ ಹೊಲಿದು, ರಾತ್ರಿ ಬಟ್ಟೆ ಒತ್ತಿ ಹಿಡಿಯುವ ಪಾದದ ಕೆಳಗೆ ಒಂದು ಬಟ್ಟೆ ಇಟ್ಟು ಬಿಡಿ. ದಿನವಿಡೀ ಹೊಲಿಯುವವರು ದಿನಾ ಹಾಕಬೇಕು. ಮೋಟರ್ ಒಳಗೆ ಮಾತ್ರ ಈ ಎಣ್ಣೆ ಬಿಡಬೇಡಿ. ಕೆಲವು ಹಳೇ ಮೋಟರ್‌ಗಳಿಗೆ ಬೇರೆಯೇ ಗ್ರೀಸ್ ಇದೆ, ತಿಳಿದವರಿಗೆ ತೋರಿಸಿ.

ಮನೆಗೆ ಬಂದ ಮೇಲೆ ಒಂದು ಗಾಜಿನ ತುಂಡಿನ ಮೇಲೆ ಕುಸುಬಿ ಎಣ್ಣೆಯನ್ನೂ ಮಷಿನ್ ಎಣ್ಣೆಯನ್ನೂ ತೆಳ್ಳಗೆ ಸವರಿ ಕಿಟಕಿಯಲ್ಲಿ ಇಟ್ಟೆ. ಒಂದು ತಿಂಗಳಿಗೆ ಕುಸುಬಿ ಎಣ್ಣೆ ಬೆರಳಿಗೆ ಅಂಟತೊಡಗಿತು. ಮಷಿನ್ ಎಣ್ಣೆ ಹಚ್ಚಿದ ದಿನ ಇದ್ದ ಹಾಗೆಯೇ ಇದೆ. ಪಕ್ಕದ ಮನೆಯ ಅಕ್ಕನಿಗೆ ಅದನ್ನೇ ತೋರಿಸಿ ಕ್ಷಮೆ ಕೇಳಿದೆ. ಅವರ ಮಷಿನ್ ಕೂಡ ಬಿಗಿಯಾಗಿದೆ, ಪೂರ್ತಿ ನಿಂತಿಲ್ಲ. ನಿನ್ನೆ ರಾತ್ರಿ ತೂತುಗಳಿಗೆಲ್ಲ ಚಿಮಣಿ ಎಣ್ಣೆ ಬಿಟ್ಟು ಬಂದಿದ್ದೇನೆ. ಇವತ್ತು ಸಂಜೆ ಇಬ್ಬರೂ ಕೂತು ಚಕ್ರ ಅಲುಗಿಸಿ ನೋಡುತ್ತೇವೆ.