ಟ್ಯಾಕ್ಸ್ ಆಫೀಸಿಗೆ ಬಿಟ್‌ವಾರ್ಡನ್: ದೀರ್ಘ ಬಳಕೆಯ ನಂತರ

ನಮ್ಮದು ತುಮಕೂರಿನಲ್ಲಿ ಜಿಎಸ್‌ಟಿ, ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಫೈಲ್ ಮಾಡುವ ಸಣ್ಣ ಆಫೀಸು. ತಿಪಟೂರಿನ ಕೊಬ್ಬರಿ ವ್ಯಾಪಾರಿಗಳಿಂದ ಹಿಡಿದು ವಸಂತನರಸಾಪುರದ ಕಾರ್ಖಾನೆಗಳವರೆಗೆ ಪಾರ್ಟಿಗಳಿದ್ದಾರೆ. ಒಬ್ಬೊಬ್ಬರಿಗೂ ಜಿಎಸ್‌ಟಿ, ಇ-ವೇ ಬಿಲ್, ಟಿಡಿಎಸ್, ಪಿಎಫ್ ಅಂತ ನಾಲ್ಕೈದು ಲಾಗಿನ್. ಇಂಥ ಆಫೀಸುಗಳಲ್ಲಿ ಸಾಮಾನ್ಯವಾಗಿ ಇವೆಲ್ಲ ಒಂದು ಎಕ್ಸೆಲ್ ಶೀಟಿನಲ್ಲಿ ಇರುತ್ತವೆ. ಅದು ವಾಟ್ಸಾಪ್‌ನಲ್ಲೂ ಓಡಾಡುತ್ತದೆ, ಕೆಲಸ ಬಿಟ್ಟವರ ಫೋನಿನಲ್ಲೂ ಉಳಿದಿರುತ್ತದೆ. ನಂಬಿ ಕೊಟ್ಟವರಿಗೆ ನಾವು ಹಾಗೆ ಮಾಡಬಾರದು ಅಲ್ವಾ?

ಅದಕ್ಕೇ ಬಿಟ್‌ವಾರ್ಡನ್ ಹಿಡಿದೆವು. ಪಾಸ್‌ವರ್ಡ್‌ಗಳನ್ನೆಲ್ಲ ಬೀಗ ಹಾಕಿ ಇಟ್ಟುಕೊಂಡು, ಬೇಕಾದ ಪುಟದಲ್ಲಿ ತುಂಬಿಕೊಡುವ ಆಪ್ ಅದು. ನಾವು ತಗೊಂಡದ್ದು ಅದರ ಟೀಮ್ಸ್ ಪ್ಲಾನ್. ತಗೊಂಡಾಗ ಒಬ್ಬರಿಗೆ ತಿಂಗಳಿಗೆ 4 ಡಾಲರ್ ಇತ್ತು. ಸ್ಟಾಫ್ ನೆನಪಿಡಬೇಕಾದ್ದು ಆಪ್ ತೆರೆಯುವ ತಮ್ಮ ಮಾಸ್ಟರ್ ಪಾಸ್‌ವರ್ಡ್ ಒಂದನ್ನೇ. ಪಾರ್ಟಿಗಳ ಲಾಗಿನ್‌ಗಳನ್ನು ಕಲೆಕ್ಷನ್ ಅನ್ನುವ ಗುಂಪುಗಳಾಗಿ ವಿಂಗಡಿಸಿದ್ದೇವೆ, ಯಾರಿಗೆ ಯಾವ ಪಾರ್ಟಿಯ ಕೆಲಸವೋ ಅಷ್ಟೇ ಕಾಣುತ್ತದೆ. 20ನೇ ತಾರೀಕು, ತಿಂಗಳ ಜಿಎಸ್‌ಟಿ ರಿಟರ್ನ್ ಆದ ಜಿಎಸ್‌ಟಿಆರ್-3ಬಿ ಕಟ್ಟುವ ದಿನ, ಯಾರಾದರೂ ರಜೆ ಹಾಕಿದರೆ ಅವರ ಕಲೆಕ್ಷನ್ ಇನ್ನೊಬ್ಬರಿಗೆ ತೆರೆದುಕೊಟ್ಟರೆ ಆಯಿತು. ಮನೆಯಲ್ಲಿದ್ದವರಿಗೆ ಫೋನ್ ಮಾಡಿ ಪಾಸ್‌ವರ್ಡ್ ಕೇಳುವ ಪಾಡಿಲ್ಲ.

ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದು ಅನಿಸಿದ್ದು ಬೇರೆ. ಜಿಎಸ್‌ಟಿ ರೀಫಂಡ್ ಬಂದಿದೆ ಅಂತ ಒಂದು ಮೇಲ್ ಬಂತು. ಲಿಂಕ್ ಒತ್ತಿದರೆ ಬಣ್ಣ, ಲಾಂಛನ, ಲಾಗಿನ್ ಪುಟ ಎಲ್ಲ ಅಸಲಿಯ ಹಾಗೇ. ಆದರೆ ಬಿಟ್‌ವಾರ್ಡನ್ ಸುಮ್ಮನೆ ಕೂತಿತ್ತು, ಯಾವ ಲಾಗಿನ್ನೂ ತೋರಿಸಲಿಲ್ಲ. ಅದು ನೋಡುವುದು ಪುಟದ ಚೆಂದವನ್ನಲ್ಲ, ವಿಳಾಸವನ್ನು. "ಸರ್, ಇಲ್ಲಿ ಯಾಕೆ ಬರ್ತಿಲ್ಲ?" ಅಂತ ನಮ್ಮ ಹುಡುಗಿ ಕೇಳಿದಳು. ಅಷ್ಟರಲ್ಲಿ ಕೈ ನಿಂತಿತ್ತು, ಅದೇ ಬೇಕಾಗಿದ್ದು.

ಇದರಿಂದ ಆಗದ ಕೆಲಸಗಳೂ ಇವೆ. ಕ್ಯಾಪ್ಚಾ ಕೈಯಲ್ಲೇ ಹೊಡೆಯಬೇಕು. ಇ-ವೇ ಬಿಲ್‌ಗೆ 2025ರ ಏಪ್ರಿಲ್ 1ರಿಂದ ಎಲ್ಲರಿಗೂ ಎರಡನೇ ಹಂತದ ಪರಿಶೀಲನೆ ಕಡ್ಡಾಯ, ಆ ಓಟಿಪಿ ರಗಳೆ ತಪ್ಪುವುದಿಲ್ಲ. ಪಾಸ್‌ವರ್ಡ್ ಕಣ್ಣಿಗೆ ಕಾಣದಂತೆ ಹಂಚಿಕೊಳ್ಳುವ ಸೌಲಭ್ಯ ಇದೆ, ಆದರೆ ದಾರಿ ಗೊತ್ತಿದ್ದವರು ಅದನ್ನು ಹೊರತೆಗೆಯಬಹುದು. ಅದಕ್ಕೇ ಯಾರಾದರೂ ಕೆಲಸ ಬಿಟ್ಟರೆ ಅವರನ್ನು ತೆಗೆದುಹಾಕಿ, ಅವರ ಪಾರ್ಟಿಗಳ ಪಾಸ್‌ವರ್ಡನ್ನೂ ಅವತ್ತೇ ಬದಲಿಸುತ್ತೇವೆ.

ಎಲ್ಲ ಒಂದೇ ಕಡೆ ಇಟ್ಟರೆ ಕಳುವಾದರೆ ಗತಿ ಏನು ಅಂತ ಪಾರ್ಟಿಗಳು ಕೇಳುತ್ತಾರೆ. ಕೇಳಲೇಬೇಕು. 2022ರಲ್ಲಿ ಇಂಥದ್ದೇ ಇನ್ನೊಂದು ಆಪ್ ಆದ ಲಾಸ್ಟ್‌ಪಾಸ್‌ನ ಗ್ರಾಹಕರ ವಾಲ್ಟ್‌ಗಳ, ಅಂದರೆ ಪಾಸ್‌ವರ್ಡ್ ತಿಜೋರಿಗಳ, ಬ್ಯಾಕಪ್ ಕಳ್ಳರ ಕೈ ಸೇರಿತ್ತು. ಒಳಗಿನ ಪಾಸ್‌ವರ್ಡ್‌ಗಳಿಗೆ ಬೀಗ ಇತ್ತು, ಆದರೆ ಮಾಸ್ಟರ್ ಪಾಸ್‌ವರ್ಡ್ ಸುಲಭವಾಗಿದ್ದವರಿಗೆ ಅಪಾಯ ಜಾಸ್ತಿ. ಅದಕ್ಕೇ ನಮ್ಮಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಐದು ಪದ ಜೋಡಿಸುವುದು ಕಡ್ಡಾಯ, ಜೊತೆಗೆ ಎರಡು ಹಂತದ ಲಾಗಿನ್.

ಮಾಸ್ಟರ್ ಪಾಸ್‌ವರ್ಡ್ ಮರೆತರೆ ಕಂಪನಿಯವರೂ ತೆಗೆದುಕೊಡಲಾರರು, ಅದು ಅವರ ಹತ್ತಿರ ಇರುವುದೇ ಇಲ್ಲ. ಸ್ಟಾಫ್ ಮರೆತರೆ ಆಫೀಸಿನ ಲಾಗಿನ್‌ಗಳು ಸಂಸ್ಥೆಯ ಖಾತೆಯಲ್ಲಿ ಭದ್ರವಾಗಿರುತ್ತವೆ, ಹೊಸದಾಗಿ ಸೇರಿಸಿಕೊಂಡರೆ ಸಾಕು. ಆದರೆ ಆ ಖಾತೆಯ ಪೂರ್ತಿ ಅಧಿಕಾರ ಇರುವ ಓನರ್ ಒಬ್ಬನೇ ಇದ್ದು, ಅವನೇ ಮರೆತರೆ ಕಷ್ಟ. ತಗೊಳ್ಳುವವರು ಮೊದಲ ದಿನವೇ ಇಬ್ಬರನ್ನು ಓನರ್ ಮಾಡಿಬಿಡಿ.