ಉದ್ದ ಕಿಡಿ ತೋರಿಸಿದರೆ ನಂಬಬೇಡಿ, ನಾನು ನಂಬಿ 5,500 ರೂಪಾಯಿ ಕಳೆದುಕೊಂಡೆ

ಮುಂಬೈಯ ಲ್ಯಾಮಿಂಗ್ಟನ್ ರೋಡಿನಲ್ಲಿ "ಜೆಟ್ ಇಗ್ನಿಷನ್ ಬಾಕ್ಸ್" ಅಂತ, ಜೆಟ್ ಎಂಜಿನ್ ಹೊತ್ತಿಸೋಕೆ ಕಿಡಿ ಕೊಡುವ ಕಪ್ಪು ಡಬ್ಬಿ ತೋರಿಸಿದರೆ ದಯವಿಟ್ಟು ತಗೋಬೇಡಿ. ಬರೆಯೋಕೂ ನಾಚಿಕೆ ಆಗುತ್ತಿದೆ. ಇಪ್ಪತ್ತು ವರ್ಷ ಮೋಟಾರ್ ರಿವೈಂಡಿಂಗ್ ಮಾಡಿದವನು ನಾನು!

ಲಾರಿಯ ಹಳೇ ಟರ್ಬೋಚಾರ್ಜರ್ (ಎಂಜಿನ್ ಒಳಗೆ ಗಾಳಿ ಒತ್ತಿ ತುಂಬುವ ಫ್ಯಾನು) ಇಟ್ಟುಕೊಂಡು ಡೊಂಬಿವ್ಲಿಯ ಗೆಳೆಯನ ಶೆಡ್‌ನಲ್ಲಿ ಸಣ್ಣ ಜೆಟ್ ಎಂಜಿನ್ ಕಟ್ಟುತ್ತಿದ್ದೇವೆ. ಎಲ್‌ಪಿಜಿಯಲ್ಲಿ ಓಡಬೇಕು. ಬ್ಲೋವರ್ ಜೋರಾಗಿ ಬಿಟ್ಟರೆ ಬೈಕ್ ಕಾಯಿಲ್‌ನ ಕಿಡಿಗೆ ಗ್ಯಾಸ್ ಹತ್ತುತ್ತಿರಲಿಲ್ಲ. ಅದಕ್ಕೇ ಹುಡುಕಿಕೊಂಡು ಹೋದೆ.

ನಾನು ಫೋನಿನಲ್ಲಿ ಕನ್ನಡ ಮಾತಾಡಿದ್ದು ಕೇಳಿ ಅಂಗಡಿಯವನು ತಾನೂ ಕನ್ನಡಕ್ಕೆ ಬಂದ. "ಹುಬ್ಬಳ್ಳಿ ಕಡೇವ್ರೇನ್ರೀ ಸರ? ನಮ್ಮ ಮಂದಿ ಅದೀರಿ, ನಿಮಗ್ಯಾಕ ಮೋಸ ಮಾಡ್ಲಿ? ವಿಮಾನದ್ದ ಮಾಲ್ ಐತ್ರಿ, 12 ಜೌಲ್." ವಿಮಾನದ ಎಂಜಿನ್‌ಗೆ 12 ಜೌಲ್ ಯೂನಿಟ್ ಇರೋದು ನಿಜ, ಓದಿದ್ದೆ (ಜೌಲ್ ಅಂದ್ರೆ ಶಕ್ತಿಯ ಅಳತೆ). ಹಾಗಾಗಿ ಮಾತು ಸರಿ ಅನಿಸಿತು. ಡಬ್ಬಿಗೆ 12 ವೋಲ್ಟ್ ಕೊಟ್ಟು ಎರಡು ತಂತಿ ದೂರ ಹಿಡಿದ. ಒಂದು ಸೆಂಟಿಮೀಟರ್ ಉದ್ದದ ನೇರಳೆ ಕಿಡಿ, ಚಟಚಟ ಅಂತ. ಅಷ್ಟಕ್ಕೇ ಮರುಳಾದೆ. ಕಿಡಿ ಉದ್ದ ಇದ್ದರೆ ವೋಲ್ಟೇಜ್ ಜಾಸ್ತಿ ಅಂತ ಅರ್ಥ, ಅಷ್ಟೇ. ಶಕ್ತಿ ಜಾಸ್ತಿ ಅಂತಲ್ಲ. ನಿಜವಾದ 12 ಜೌಲ್ ಕಿಡಿ ದಪ್ಪಗೆ, ಬೆಳ್ಳಗೆ, ಪಟಾಕಿ ಹೊಡೆದ ಹಾಗೆ ಸದ್ದು ಮಾಡುತ್ತದೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ದುಡ್ಡು ಕೊಟ್ಟೆ.

ಶೆಡ್‌ನಲ್ಲಿ ಹಾಕಿದರೆ ಹತ್ತಲಿಲ್ಲ. ಇನ್ನೊಮ್ಮೆ, ಮತ್ತೊಮ್ಮೆ. ಬೆಂಕಿ ಉರಿಯಬೇಕಾದ ಚೇಂಬರ್‌ನಲ್ಲಿ ಗ್ಯಾಸ್ ತುಂಬಿಕೊಳ್ಳುತ್ತಿತ್ತು. ನಾಲ್ಕನೇ ಸಲ ತಡವಾಗಿ ಢಂ ಅಂತ ಹತ್ತಿ, ಗಾಳಿ ಎಳೆಯುವ ಬಾಯಿಂದಲೇ ಬೆಂಕಿ ಹೊರಗೆ ಬಂತು. ಗೆಳೆಯನ ಮುಂಗೈ ಕೂದಲೆಲ್ಲ ಸುಟ್ಟಿತು. ಮುಖ ಅಲ್ಲಿದ್ದಿದ್ದರೆ?

ಅವತ್ತು ರಾತ್ರಿ ಸೋಲ್ಡರಿಂಗ್ ಐರನ್ ಬಿಸಿ ಮಾಡಿ, ಡಬ್ಬಿಯೊಳಗೆ ಗಟ್ಟಿಯಾಗಿದ್ದ ಎಪಾಕ್ಸಿ ಅಂಟು ಕೆರೆಯುತ್ತಾ ಕೂತೆ. ಹಳದಿ ಕೆಪಾಸಿಟರ್ ಕಂಡಿತು, ಅಂದ್ರೆ ಕರೆಂಟ್ ತುಂಬಿಟ್ಟುಕೊಂಡು ಕಿಡಿಗೆ ಒಮ್ಮೆಲೇ ಬಿಡುವ ಭಾಗ. ಮೇಲೆ 1 ಮೈಕ್ರೋಫ್ಯಾರಡ್ (ಎಷ್ಟು ತುಂಬಿಟ್ಟುಕೊಳ್ಳುತ್ತೆ ಅನ್ನೋ ಅಳತೆ), 400 ವೋಲ್ಟ್ ಅಂತ ಇತ್ತು. ಒಂದು ನಿಮಿಷ ಸುಮ್ನೆ ನೋಡುತ್ತಾ ಇದ್ದೆ. ಪೂರ್ತಿ 400 ವೋಲ್ಟ್ ತುಂಬಿದರೂ ಅದರಲ್ಲಿ ನಿಲ್ಲುವುದು 0.08 ಜೌಲ್. 12 ಜೌಲ್ ಬೇಕಾದರೆ 150 ಮೈಕ್ರೋಫ್ಯಾರಡ್ ಇರಬೇಕು. ಬೈಕಿನ ಸಿಡಿಐಯನ್ನೇ, ಅಂದ್ರೆ ಸ್ಪಾರ್ಕ್ ಪ್ಲಗ್ಗಿಗೆ ಕಿಡಿ ಕೊಡುವ ಸರ್ಕ್ಯೂಟನ್ನೇ, ಡಬ್ಬಿಗೆ ತುಂಬಿ ಕೊಟ್ಟಿದ್ದಾನೆ! ನಮ್ಮ ಹತ್ರ ಇದ್ದ ಬೈಕ್ ಕಾಯಿಲ್ ಇದಕ್ಕೇನು ಕಡಿಮೆ ಇತ್ತು?

ಫೋನ್ ಮಾಡಿದೆ. ಮೊದಲು "ಬ್ಯಾಟ್ರಿ ವೀಕ್ ಇರ್ಬೇಕ್ರಿ." ಆಮೇಲೆ "ಪ್ಲಗ್ ಬದ್ಲಿ ಮಾಡ್ರಿ." ಕೆಪಾಸಿಟರ್ ಫೋಟೋ ಕಳಿಸಿದೆ. ಆಗ ಹೇಳಿದ: "12 ಜೌಲ್ ಅಂದ್ರ ಒಂದ ಕಿಡೀದಲ್ರಿ ಸರ, ಒಂದು ನಿಮಿಷದ ಕಿಡಿ ಎಲ್ಲಾ ಕೂಡಿಸಿ." ಕೂಡಿಸಿ! ಪ್ರತಿ ಕಿಡಿಯೂ ತಾನೇ ಗ್ಯಾಸ್ ಹಚ್ಚಬೇಕು, ಹಿಂದಿನ ಕಿಡಿ ಬಂದು ಕೈ ಜೋಡಿಸುತ್ತದಾ? ಕೊನೆಗೆ "ಎಪಾಕ್ಸಿ ಒಡದೀರಿ, ವಾರಂಟಿ ಹೋತು. ಊರವ್ರು ಅಂತ ಇಷ್ಟು ಮಾತಾಡ್ಲಿಕತ್ತೀನಿ." ಆಮೇಲೆ ಫೋನೇ ಎತ್ತಲಿಲ್ಲ. ದುಡ್ಡಿಗಿಂತ ಆ "ಊರವ್ರು" ಅನ್ನೋ ಮಾತೇ ಜಾಸ್ತಿ ಚುಚ್ಚುತ್ತಿದೆ.

ತಗೊಳ್ಳುವ ಮೊದಲು ಕೆಪಾಸಿಟರ್ ಎಷ್ಟು, ಎಷ್ಟು ವೋಲ್ಟ್ ಅಂತ ಕೇಳಿ. ಹೇಳದಿದ್ದರೆ ಎದ್ದು ಬನ್ನಿ. ಹತ್ತಲಿಲ್ಲ ಅಂದ್ರೆ ಗ್ಯಾಸ್ ಬಂದ್ ಮಾಡಿ, ಬ್ಲೋವರ್ ಓಡಿಸಿ ಚೇಂಬರ್ ಖಾಲಿ ಮಾಡದೆ ಮತ್ತೆ ಕಿಡಿ ಕೊಡಬೇಡಿ. ನಿಜವಾದ 12 ಜೌಲ್ ಕೆಪಾಸಿಟರ್ ಜೀವ ತೆಗೆಯಬಲ್ಲದು, ಅದನ್ನು ಮನೆಯಲ್ಲಿ ಕಟ್ಟಲೂ ಹೋಗಬೇಡಿ. ನಮಗೆ ಅದು ಬೇಕೂ ಇರಲಿಲ್ಲ. ಪ್ಲಗ್ಗನ್ನು ಗಾಳಿಯ ರಭಸದಿಂದ ಸ್ವಲ್ಪ ಪಕ್ಕಕ್ಕೆ, ಜ್ವಾಲೆ ಸುತ್ತುವ ಜಾಗಕ್ಕೆ ಸರಿಸಿದೆವು. ಅದೇ ಹಳೇ ಬೈಕ್ ಕಾಯಿಲ್‌ನಲ್ಲಿ ಎಂಜಿನ್ ಹತ್ತಿತು.

ಕೆರೆದ ಡಬ್ಬಿ ಇನ್ನೂ ಇಟ್ಟುಕೊಂಡಿದ್ದೇನೆ. ಅಂಥದ್ದೇ ಕಪ್ಪು ಡಬ್ಬಿ ಯಾರಾದರೂ ತೋರಿಸಿದರೆ ದುಡ್ಡು ಕೊಡುವ ಮೊದಲು ಹೇಳಿ, ಒಳಗಿನ ಫೋಟೋ ಕಳಿಸುತ್ತೇನೆ.