ಹೂಮಳೆಯ ವಾರದಲ್ಲಿ ಕೈಕೊಟ್ಟ ಡಬ್ಲ್ಯುಆರ್‌ಎಫ್: ಮೂರು ವರ್ಷ ಬಳಸಿದ ಮೇಲೆ

ಒಂದೇ ಒಂದು ಸೂಚನೆ ಗೊತ್ತಿಲ್ಲದೆ ನನ್ನ ಹನ್ನೊಂದು ರಾತ್ರಿಗಳು ಹೋದವು. ಆ ಹನ್ನೊಂದು ದಿನಗಳ ನಡುವೆಯೇ, ಕಾಫಿಯ ಮೊಗ್ಗು ಅರಳಿಸುವ ಹೂಮಳೆ ಬಂದು ಹೋಯಿತು. ಡಬ್ಲ್ಯುಆರ್‌ಎಫ್ ಎಂಬ ಹವಾಮಾನ ಮಾದರಿಯನ್ನು, ಅಂದರೆ ಮುಂದಿನ ಗಾಳಿ ಮಳೆಯನ್ನು ಲೆಕ್ಕಹಾಕುವ ತಂತ್ರಾಂಶವನ್ನು, ಮನೆಯ ಕಂಪ್ಯೂಟರಿನಲ್ಲಿ ಕೂರಿಸಿಕೊಂಡು ಮೂರು ವರ್ಷವಾಗಿದೆ. ಅದರ ಬಗ್ಗೆ ಹೇಳಲು ಒಳ್ಳೆಯ ಮಾತುಗಳು ಬಹಳ ಇವೆ, ಹೇಳುತ್ತೇನೆ. ಮೊದಲು ಈ ಸಿಟ್ಟು ಹೊರಗೆ ಬರಲಿ.

ಆಲ್ದೂರಿನ ಬಳಿ ನಮ್ಮದು ಏಳು ಎಕರೆ ತೋಟ. ಮೇಲಿನ ಇಳಿಜಾರಿನಲ್ಲಿ ಅರೇಬಿಕಾ, ಕೆರೆಯ ಮಗ್ಗುಲಲ್ಲಿ ರೊಬಸ್ಟಾ. ನಾನು ಚಿಕ್ಕಮಗಳೂರಿನಲ್ಲಿ ಪದವಿಪೂರ್ವ ತರಗತಿಗಳಿಗೆ ಭೌತಶಾಸ್ತ್ರ ಹೇಳಿಕೊಡುತ್ತೇನೆ. ತೋಟ ನೋಡಿಕೊಳ್ಳುವವರು ಅಪ್ಪ. ಫೆಬ್ರುವರಿ ಕೊನೆಯಿಂದ ಮನೆಯಲ್ಲಿ ಒಂದೇ ಪ್ರಶ್ನೆ: ರೊಬಸ್ಟಾಕ್ಕೆ ಸ್ಪ್ರಿಂಕ್ಲರ್ ಹಾಕುವುದೋ, ಮಳೆಗೆ ಕಾಯುವುದೋ? ಮೊಗ್ಗು ಬಲಿತು ನಿಂತಿರುತ್ತದೆ. ಒಂದಿಂಚು ನೀರು ಒಮ್ಮೆಗೇ ಬಿದ್ದರೆ ವಾರ ಹತ್ತು ದಿನದಲ್ಲಿ ತೋಟವೆಲ್ಲ ಬೆಳ್ಳಗಾಗುತ್ತದೆ. ಇಪ್ಪತ್ತು ಸೆಂಟ್ ಬಿದ್ದು ನಿಂತರೆ ಹೂವು ಅರೆಬರೆ ಅರಳಿ ಕಾಯಿ ಕಚ್ಚುವುದಿಲ್ಲ; ಅಂಥ ಮಳೆ ಬಾರದಿರುವುದೇ ಮೇಲು. ಇಂಚನ್ನು ನೂರು ಭಾಗ ಮಾಡಿ ಸೆಂಟ್ ಎನ್ನುವುದು ನಮ್ಮ ಕಡೆಯ ಲೆಕ್ಕ. ಇವತ್ತು ಡೀಸೆಲ್ ಸುರಿದು, ಆಳು ಹಿಡಿದು, ಪೈಪು ಜೋಡಿಸಿ ನೀರು ಹಾಯಿಸಿದ ಮೇಲೆ ನಾಳೆ ಮಳೆ ಬಂದರೆ ದುಡ್ಡು ಹೋಯಿತು. ಕಾದು ಕುಳಿತು ಮಳೆ ಬಾರದಿದ್ದರೆ ಫಸಲೇ ಹೋಯಿತು.

ಮಳೆಯ ಮುನ್ಸೂಚನೆ ಹೇಳುವ ವರುಣ ಮಿತ್ರ ಸಹಾಯವಾಣಿಗೆ ನಾವು ಮೊದಲಿನಿಂದ ಕರೆ ಮಾಡುತ್ತೇವೆ, ಈಗಲೂ ಮಾಡುತ್ತೇವೆ. ಆದರೆ ನಮ್ಮ ಜಿಲ್ಲೆಯ ಮಳೆ ವಿಚಿತ್ರವಾದದ್ದು. ಕೊಟ್ಟಿಗೆಹಾರದಲ್ಲಿ ಕೊಡೆ ಮಡಚಲು ಬಿಡುವಿಲ್ಲದ ದಿನ ಕಡೂರಿನಲ್ಲಿ ದೂಳು ಏಳುತ್ತಿರುತ್ತದೆ. ನಡುವೆ ಬಾಬಾಬುಡನ್‌ಗಿರಿಯ ಸಾಲು ಅಡ್ಡ ನಿಂತಿದೆ. ಆ ಬೆಟ್ಟಗಳು ಮೋಡವನ್ನು ಎಲ್ಲಿ ಹಿಡಿಯುತ್ತವೆ, ಎಲ್ಲಿ ಬಿಡುತ್ತವೆ ಎಂಬುದನ್ನು ಕಣ್ಣಾರೆ ನೋಡಬೇಕೆಂಬ ಆಸೆ ನನಗೆ ವಿದ್ಯಾರ್ಥಿನಿಯಾಗಿದ್ದಾಗಿನಿಂದ ಇತ್ತು. ಅಮೆರಿಕದ ವಾಯುಮಂಡಲ ಸಂಶೋಧನಾ ಕೇಂದ್ರ ಮತ್ತು ಇತರ ಸಂಸ್ಥೆಗಳು ಸೇರಿ ಬೆಳೆಸಿದ ಈ ಮಾದರಿ ಉಚಿತ ಎಂದು ತಿಳಿದಾಗ ಕೈ ಹಾಕಿದೆ.

ಮೊದಲ ಸಲ ಕೂರಿಸಿದ್ದು ನಾಲ್ಕು ಕೋರಿನ ಲ್ಯಾಪ್‌ಟಾಪಿನಲ್ಲಿ, ವಿಂಡೋಸಿನ ಒಳಗೇ ಲಿನಕ್ಸ್ ಹಾಕಿಕೊಂಡು. ಭೂಮಿಯ ಎತ್ತರ, ಮಣ್ಣು, ಸಸ್ಯಹೊದಿಕೆಯ ದತ್ತಾಂಶ ಬಿಚ್ಚಿದಾಗ 30 ಜಿಬಿಗೆ ಹತ್ತಿರ. ತೋಟದ ಮನೆಯ ಮೊಬೈಲ್ ಸಂಪರ್ಕದಲ್ಲಿ ಅದು ಇಳಿಯುವ ಮಾತೇ ಇಲ್ಲ. ಚಿಕ್ಕಮಗಳೂರಿನಲ್ಲಿರುವ ಚಿಕ್ಕಮ್ಮನ ಮನೆಯಲ್ಲಿ ರಾತ್ರಿಯಿಡೀ ಇಳಿಸಿ, ಹಾರ್ಡ್ ಡಿಸ್ಕನ್ನು ಟವೆಲಿನಲ್ಲಿ ಸುತ್ತಿ ಬಸ್ಸಿನಲ್ಲಿ ತಂದೆ. ಆಮೇಲೆ ನೆಟ್‌ಸಿಡಿಎಫ್. ಮಾದರಿ ತನ್ನ ಕಡತಗಳನ್ನು ಓದುವುದು, ಬರೆಯುವುದು ಈ ಲೈಬ್ರರಿಯ ಮೂಲಕ. ಸಿ ಮತ್ತು ಫೋರ್ಟ್ರಾನ್ ಎಂಬ ಎರಡು ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಅದರ ಸಿ ಭಾಗ ಒಂದು ಕಡೆ, ಫೋರ್ಟ್ರಾನ್ ಭಾಗ ಇನ್ನೊಂದು ಕಡೆ ಕುಳಿತಿರುತ್ತದೆ. ಮಾದರಿಗೆ ಎರಡೂ ಒಂದೇ ಡೈರೆಕ್ಟರಿಯಲ್ಲಿ ಬೇಕು. ಇದು ತಿಳಿಯದೆ ಕಂಪೈಲ್ ಮಾಡಿದರೆ, ಅಂದರೆ ಬರೆದ ಕೋಡನ್ನು ಓಡಿಸಬಲ್ಲ ಕಡತವಾಗಿ ಬದಲಿಸಲು ಹೊರಟರೆ, ಮುಕ್ಕಾಲು ಗಂಟೆ ಫ್ಯಾನು ಭೋರೆಂದು ತಿರುಗಿ ಎಲ್ಲ ಸರಿಯಾಗಿ ಮುಗಿದಂತೆ ಕಾಣುತ್ತದೆ. ಡೈರೆಕ್ಟರಿ ತೆರೆದು ನೋಡಿದರೆ ಓಡಿಸಬೇಕಾದ ಕಡತವೇ ಹುಟ್ಟಿರುವುದಿಲ್ಲ. ತಪ್ಪು ಎಲ್ಲಿ? ಯಂತ್ರ ತಾನು ಮಾಡಿದ್ದನ್ನು ಬರೆದಿಡುವ ಸಾವಿರಾರು ಸಾಲುಗಳ ಲಾಗಿನ ಮಧ್ಯದಲ್ಲಿ ಎಲ್ಲೋ. ನಾನು ತಿಂಗಳುಗಟ್ಟಲೆ ಕೊನೆಯ ಸಾಲುಗಳನ್ನೇ ಓದುತ್ತಿದ್ದೆ. ಓದಬೇಕಾದದ್ದು ಮೊದಲ ‘ಎರರ್’. ಉಳಿದವೆಲ್ಲ ಅದರ ಮರಿಗಳು.

ಹಾಗೂ ಹೀಗೂ ಓಡಿತು. ಲ್ಯಾಪ್‌ಟಾಪಿಗೆ ಸುಸ್ತಾಗುತ್ತಿದ್ದುದರಿಂದ ಎಂಟು ಕೋರು, 32 ಜಿಬಿ ಮೆಮೊರಿಯ ಹಳೆಯ ಡೆಸ್ಕ್‌ಟಾಪ್ ಒಂದನ್ನು 34 ಸಾವಿರಕ್ಕೆ ಕೊಂಡು ಉಬುಂಟು ಎಂಬ ಲಿನಕ್ಸಿನ 20.04ನೇ ಆವೃತ್ತಿ ಹಾಕಿದೆ. ಒಂದು ವರ್ಷ ಚೆನ್ನಾಗಿ ನಡೆಯಿತು.

ಎರಡನೇ ವರ್ಷ, ಮಾರ್ಚಿನ ಮೊದಲ ವಾರ. ಕಂಪ್ಯೂಟರ್ ಹೊಸ ಆವೃತ್ತಿಗೆ ಏರಲೇ ಎಂದು ಕೇಳಿತು, ನಾನು ಹೂಂ ಎಂದೆ. 22.04 ಬಂತು. ಮರುದಿನ ಮಾದರಿ ತೆರೆಯಲೇ ಇಲ್ಲ. ಅದು ನಂಬಿಕೊಂಡಿದ್ದ ನೆಟ್‌ಸಿಡಿಎಫ್ ಬದಲಾಗಿತ್ತು. ಇರಲಿ, ಮತ್ತೊಮ್ಮೆ ಕಂಪೈಲ್ ಮಾಡೋಣ ಎಂದು ಕುಳಿತೆ. ನನ್ನ ಬಳಿ ಇದ್ದದ್ದು ಮಾದರಿಯ 4.1ನೇ ಆವೃತ್ತಿ, ಜೊತೆಗೆ ಅಷ್ಟೇ ಹಳೆಯ ಲೈಬ್ರರಿಗಳು. ಒಂದೊಂದೂ ಬೇರೆ ಬೇರೆ ಜಾಗದಲ್ಲಿ ಮುಗ್ಗರಿಸಿತು. ‘ಟೈಪ್ ಮಿಸ್‌ಮ್ಯಾಚ್’ ಎಂಬ ದೂರು ನೂರಾರು ಸಾಲು. ಹಿಂದಿನ ವರ್ಷ ಅಕ್ಷರ ಬಿಡದೆ ಇದೇ ಕೋಡ್ ಒಪ್ಪಿಕೊಂಡಿದ್ದ ಕಂಪೈಲರಿಗೆ ಈಗ ಏನಾಯಿತು?

ಆದದ್ದು ಇಷ್ಟು. ಜಿಫೋರ್ಟ್ರಾನ್ ಕಂಪೈಲರ್ 10ನೇ ಆವೃತ್ತಿಯಿಂದ ಬಿಗಿಯಾಯಿತು. ಪ್ರೋಗ್ರಾಮಿನೊಳಗಿನ ಒಂದು ಸಬ್‌ರೂಟೀನನ್ನು (ಕರೆದಾಗ ಓಡುವ ಸಣ್ಣ ತುಣುಕು) ಒಮ್ಮೆ ಪೂರ್ಣಾಂಕ ಕೊಟ್ಟು, ಇನ್ನೊಮ್ಮೆ ದಶಮಾಂಶ ಕೊಟ್ಟು ಕರೆಯುವ ಹಳೆಯ ಫೋರ್ಟ್ರಾನ್ ಪದ್ಧತಿಯನ್ನು ಅದು ಅಲ್ಲಿಯವರೆಗೆ ಎಚ್ಚರಿಕೆ ಕೊಟ್ಟು ಬಿಡುತ್ತಿತ್ತು; 10ರಿಂದ ದೋಷ ಎಂದು ನಿಲ್ಲಿಸುತ್ತದೆ. 20.04ರಲ್ಲಿ ಇದ್ದದ್ದು 9, 22.04ರಲ್ಲಿ ಬಂದದ್ದು 11. ‘ಎಫ್‌ಅಲೌ-ಆರ್ಗ್ಯುಮೆಂಟ್-ಮಿಸ್‌ಮ್ಯಾಚ್’ ಎಂಬ ಒಂದು ಸೂಚನೆಯನ್ನು ಕಂಪೈಲರಿಗೆ ಕೊಟ್ಟರೆ ಮತ್ತೆ ಹಳೆಯಂತೆ ಒಪ್ಪುತ್ತದೆ. ಲೈಬ್ರರಿ, ಮಾದರಿ, ಅದರ ಪೂರ್ವಸಿದ್ಧತೆಯ ಭಾಗ, ಎಲ್ಲಕ್ಕೂ ಕೊಡಬೇಕು; ಒಂದಕ್ಕೆ ಮರೆತರೂ ಕತೆ ಮೊದಲಿನಿಂದ. ನಾನು ಅನುಸರಿಸುತ್ತಿದ್ದ ಕೈಪಿಡಿ ಹಳೆಯದು, ಅದರಲ್ಲಿ ಈ ಸಾಲಿರಲಿಲ್ಲ.

ಅಷ್ಟರಲ್ಲಿ ಗುರುವಾರ ಅಪ್ಪ, "ಪುಟ್ಟೀ, ನಿನ್ನ ಯಂತ್ರ ಏನಾದರೂ ಹೇಳುತ್ತದೆಯೋ?" ಎಂದು ಕೇಳಿದರು. ಇಲ್ಲ ಎಂದೆ. ಅವರು ಪಂಪು ಶುರು ಮಾಡಿಸಿದರು. ಶುಕ್ರವಾರ ಸಂಜೆ ಒಂದಿಂಚು ಹತ್ತು ಸೆಂಟ್ ಮಳೆ ಸುರಿಯಿತು. ಎಲ್ಲ ಸರಿಹೋದ ಮೇಲೆ ಗುರುವಾರದ ಹಳೆಯ ದತ್ತಾಂಶ ತಂದು ಓಡಿಸಿ ನೋಡಿದೆ. ಶುಕ್ರವಾರ ಸಂಜೆಯ ಮಳೆ ಅದರಲ್ಲಿ ಇತ್ತು. ಆ ಚಿತ್ರವನ್ನು ಅಪ್ಪನಿಗೆ ತೋರಿಸಲು ನನಗೆ ಮನಸ್ಸು ಬರಲಿಲ್ಲ. ಅವರೇ ಹಿಂದಿನಿಂದ ಬಂದು ನೋಡಿದರು, ಏನೂ ಹೇಳದೆ ಹೆಗಲ ಮೇಲೆ ಕೈಯಿಟ್ಟು ಹೋದರು.

ಇಷ್ಟಾದರೂ ಅದನ್ನು ಏಕೆ ಇಟ್ಟುಕೊಂಡಿದ್ದೀರಿ ಎಂದರೆ, ಸಂಜೆಗಳಿಗಾಗಿ.

ಜಗತ್ತಿನ ಮಟ್ಟದ ಮುನ್ಸೂಚನೆಯ ದತ್ತಾಂಶ ಅಮೆರಿಕದ ಜಿಎಫ್‌ಎಸ್ ಮಾದರಿಯಿಂದ ದಿನಕ್ಕೆ ನಾಲ್ಕು ಬಾರಿ ಉಚಿತವಾಗಿ ಸಿಗುತ್ತದೆ. ನಮ್ಮ ಬೆಳಗಿನ 5.30ರ ಸ್ಥಿತಿಯಿಂದ ಹೊರಟದ್ದು ಹತ್ತು ಗಂಟೆಯ ಹೊತ್ತಿಗೆ ಕೈಗೆ ಬರುತ್ತದೆ. ಇಡೀ ಭೂಮಿಯ ಒಂದೊಂದು ಕಡತವೂ ಅರ್ಧ ಜಿಬಿಯ ಆಸುಪಾಸು. ಬೇಕಾದ ಅಕ್ಷಾಂಶ ರೇಖಾಂಶದ ತುಂಡನ್ನು ಮಾತ್ರ ಕತ್ತರಿಸಿ ಕೊಡುವ ಸೌಲಭ್ಯ ಅಲ್ಲೇ ಇದೆ, ಅದಿಲ್ಲದಿದ್ದರೆ ನಮ್ಮ ಸಂಪರ್ಕದಲ್ಲಿ ಈ ಕೆಲಸ ಸಾಧ್ಯವಿರಲಿಲ್ಲ. ನಾನು ತರಗತಿಯಲ್ಲಿರುವಾಗ ಹತ್ತೂವರೆಗೆ ಮನೆಯ ಯಂತ್ರ ತಾನೇ ಎದ್ದು ಇಳಿಸಿಕೊಂಡು ಓಡಲು ಶುರು ಮಾಡುತ್ತದೆ. ನಲವತ್ತೆಂಟು ಗಂಟೆಗಳ ಮುನ್ಸೂಚನೆಗೆ ಎರಡೂವರೆ ಗಂಟೆ. ನಡುವೆ ವಿದ್ಯುತ್ ಹೋಗುವುದು ಮಾಮೂಲು, ಯುಪಿಎಸ್ ಇಪ್ಪತ್ತು ನಿಮಿಷ ತಡೆಯುತ್ತದೆ. ಅದಕ್ಕೇ ಮಾದರಿಯ ಪ್ರತಿ ಆರು ಗಂಟೆಗೊಮ್ಮೆ ಮರುಆರಂಭದ ಕಡತ ಬರೆಯಿಸುತ್ತೇನೆ, ಅಲ್ಲಿಂದ ಮುಂದುವರಿಸಬಹುದು.

ಸಂಜೆ ಬಸ್ಸಿಳಿದು ಬಂದು ಕೈಕಾಲು ತೊಳೆದು ಲಾಗಿನ ಕೊನೆ ನೋಡುತ್ತೇನೆ. ‘ಸಕ್ಸೆಸ್ ಕಂಪ್ಲೀಟ್ ಡಬ್ಲ್ಯುಆರ್‌ಎಫ್’ ಎಂದಿದ್ದರೆ ಅಮ್ಮನಿಗೆ ಕೂಗಿ ಹೇಳುತ್ತೇನೆ. ಬೆಲ್ಲದ ಕಾಫಿ ಬರುತ್ತದೆ. ಅಪ್ಪ ಕನ್ನಡಕ ಹಾಕಿಕೊಂಡು ಮಳೆಯ ಪುಸ್ತಕ ಹಿಡಿದು ಪಕ್ಕದಲ್ಲಿ ಕೂರುತ್ತಾರೆ. ಅಂಗಳದ ಮಳೆಮಾಪಕವನ್ನು ಪ್ರತಿ ಬೆಳಿಗ್ಗೆ ಎಂಟಕ್ಕೆ ಅಳೆದು ತಾರೀಕು, ಮಳೆ ನಕ್ಷತ್ರ, ಸೆಂಟ್ ಎಂದು ಬರೆಯುವುದು ಅವರ ನಲವತ್ತು ವರ್ಷದ ಅಭ್ಯಾಸ. ಮಾದರಿ ಮಳೆಯನ್ನು ಮಿಲಿಮೀಟರಿನಲ್ಲಿ, ಅದೂ ಆರಂಭದಿಂದ ಕೂಡುತ್ತ ಹೋದ ಮೊತ್ತವಾಗಿ ಕೊಡುತ್ತದೆ. ಒಂದು ಗಂಟೆಯದು ಬೇಕೆಂದರೆ ಹಿಂದಿನದನ್ನು ಕಳೆಯಬೇಕು. ನಾನು ಕಳೆಯುತ್ತೇನೆ, ಅಪ್ಪ ನಾಲ್ಕರಿಂದ ಗುಣಿಸಿ ಸೆಂಟ್ ಮಾಡುತ್ತಾರೆ. ಇಂಚಿಗೆ 25.4 ಮಿಲಿಮೀಟರ್, ಬಾಯಿಲೆಕ್ಕಕ್ಕೆ ನಾಲ್ಕು ಸಾಕು.

ಇನ್ನೊಂದು ಸಂತೋಷ ನಾನು ಎಣಿಸಿಯೇ ಇರಲಿಲ್ಲ. ಮಾದರಿ ನೆಲವನ್ನು ಚೌಕಗಳಾಗಿ ಹಂಚಿಕೊಂಡು ಲೆಕ್ಕ ಮಾಡುತ್ತದೆ; ಮೊದಲು 9 ಕಿಲೋಮೀಟರಿನ ಚೌಕಗಳಲ್ಲಿ ಓಡಿಸುತ್ತಿದ್ದೆ. ಅದರಲ್ಲಿ ಬಾಬಾಬುಡನ್‌ಗಿರಿಯ ಕುದುರೆಲಾಳದ ಸಾಲು ಒಂದು ಉಬ್ಬು ಮಾತ್ರ. 1,930 ಮೀಟರಿನ ಮುಳ್ಳಯ್ಯನಗಿರಿ ಸುತ್ತಲಿನ ಕಣಿವೆಗಳೊಡನೆ ಸರಾಸರಿಯಾಗಿ ಕರಗಿಹೋಗಿತ್ತು. ಒಳಗೆ 3 ಕಿಲೋಮೀಟರಿನ ಚೌಕ ಹಾಕಿದ ದಿನ ಎತ್ತರದ ನಕ್ಷೆ ತೆರೆದೆ. ಸಾಲು ಬಾಗಿತು, ಮಡಿಲು ಕಾಣಿಸಿತು, ಈ ಕಡೆ ನಮ್ಮ ಇಳಿಜಾರು ತೋರಿತು. ಶಿಖರ ಅಲ್ಲಿಯೂ ನಿಜಕ್ಕಿಂತ ಗಿಡ್ಡವೇ, ಆದರೂ ಬೆಟ್ಟ ಬೆಟ್ಟವಾಗಿತ್ತು. ಕಡಿದಾದ ಇಳಿಜಾರಿಗೆ ಮಾದರಿ ಹೆದರುತ್ತದೆ ಎಂಬುದೂ ಆಗಲೇ ತಿಳಿಯಿತು: ಚಾರ್ಮಾಡಿಯ ಅಂಚಿನಲ್ಲಿ ಗಾಳಿಯ ಲೆಕ್ಕ ಹುಚ್ಚೆದ್ದು ನಿಂತುಹೋಗುತ್ತಿತ್ತು. ಲೆಕ್ಕ ಒಂದೊಂದು ಸಲಕ್ಕೆ ಎಷ್ಟು ಸೆಕೆಂಡು ಮುಂದೆ ಸರಿಯುತ್ತದೆ ಎಂಬುದು ಕಾಲಹೆಜ್ಜೆ; ಚೌಕದ ಕಿಲೋಮೀಟರಿನ ಆರು ಪಟ್ಟು ಸೆಕೆಂಡು ಎಂಬುದು ರೂಢಿಯ ನಿಯಮ. 9ಕ್ಕೆ 54 ಬರುತ್ತದೆ. ನಾನು 36ಕ್ಕೆ ಇಳಿಸಿದ ಮೇಲೆ ಸುಮ್ಮನಾಯಿತು. ಅದರ ಸಸ್ಯಹೊದಿಕೆಯ ಪಟ್ಟಿಯಲ್ಲಿ ನೆರಳಿನ ಕಾಫಿ ತೋಟ ಎಂಬ ವರ್ಗ ಇಲ್ಲ. ಸಿಲ್ವರ್ ಓಕಿನ ಕೆಳಗಿನ ನಮ್ಮ ಏಳು ಎಕರೆ ಅದರ ಕಣ್ಣಿಗೆ ಕಾಡು.

ಮಳೆ ಸರಿಯಾಗಿ ಹೇಳುತ್ತದೆಯೇ? ಯಾವ ದಿನ ಮಧ್ಯಾಹ್ನದ ಮೇಲೆ ಗುಡುಗು ಕಟ್ಟುತ್ತದೆ ಎಂಬುದನ್ನು ಸಾಕಷ್ಟು ನಂಬುತ್ತೇನೆ. ನಮ್ಮ ಅಂಗಳದಲ್ಲಿ ಎಷ್ಟು ಸೆಂಟ್ ಎಂಬುದನ್ನು ನಂಬುವುದಿಲ್ಲ. ಒಂದು ರೇವತಿ ಮಳೆಯ ಸಂಜೆ ನಮಗೆ ಅರವತ್ತು ಸೆಂಟ್ ಎಂದಿತ್ತು. ಮಾಪಕದಲ್ಲಿ ಸಿಕ್ಕಿದ್ದು ಐದು. ಅದೇ ಮಳೆ ಮೂಡಿಗೆರೆ ಕಡೆಯ ನೆಂಟರ ತೋಟದಲ್ಲಿ ಒಂದಿಂಚು ಸುರಿದಿತ್ತು. ಮೋಡ ಹುಟ್ಟುವುದು ಅದಕ್ಕೆ ಗೊತ್ತು, ಯಾರ ಬೇಲಿಯೊಳಗೆ ಇಳಿಯುತ್ತದೆ ಎಂಬುದು ಗೊತ್ತಿಲ್ಲ. ಆದರೆ ಕಳೆದ ಜನವರಿಯಲ್ಲಿ ಕಣದ ತುಂಬ ಹಣ್ಣು ಹರಡಿದ್ದಾಗ ಮರುದಿನ ಸಂಜೆ ಮಳೆ ತೋರಿಸಿತು. ಆಕಾಶ ನೀಲಿಯಾಗಿತ್ತು. ಅಪ್ಪ ಒಂದು ಮಾತೂ ಕೇಳದೆ ಮಧ್ಯಾಹ್ನವೇ ರಾಶಿ ಮಾಡಿಸಿ ಟಾರ್ಪಾಲ್ ಹೊದಿಸಿದರು. ಐದೂವರೆಗೆ ಹದಿನೆಂಟು ಸೆಂಟ್ ಬಿತ್ತು.

ಡೆಸ್ಕ್‌ಟಾಪ್, ಯುಪಿಎಸ್, ಡಿಸ್ಕ್ ಸೇರಿ ಐವತ್ತು ಸಾವಿರ ದಾಟಿದೆ. ಏಳು ಎಕರೆಯವರಿಗೆ ಇದು ಸಣ್ಣ ಮೊತ್ತವಲ್ಲ. ಮಳೆ ಬರುತ್ತದೆಯೇ ಎಂದಷ್ಟೇ ತಿಳಿಯಬೇಕಾದವರು ಫೋನ್ ಎತ್ತಿಕೊಂಡರೆ ಸಾಕು, ಇದಕ್ಕೆ ದುಡ್ಡು ಹಾಕಬೇಡಿ. ನಮ್ಮ ಬೆಟ್ಟಗಳ ಮೇಲೆ ಗಾಳಿ ಹೇಗೆ ನಡೆಯುತ್ತದೆ ಎಂದು ತಿಳಿಯುವ ಹಂಬಲ ಇರುವವರು, ಅದಕ್ಕೆ ಒಂದು ಬೇಸಿಗೆ ರಜೆ ಕೊಡಬಲ್ಲವರು, ಖಂಡಿತ ಕೂರಿಸಿಕೊಳ್ಳಿ. ಓಡಿಸುವ ಮೊದಲು ಸ್ಟ್ಯಾಕಿನ (ಪ್ರೋಗ್ರಾಮಿನ ತಾತ್ಕಾಲಿಕ ಮೆಮೊರಿಯ) ಮಿತಿ ತೆಗೆಯಲು ‘ಯುಲಿಮಿಟ್’ ಸಾಲನ್ನು ಮರೆಯಬೇಡಿ. ಇಲ್ಲದಿದ್ದರೆ ಕಾರಣ ಹೇಳದೆ ಮೊದಲ ನಿಮಿಷದಲ್ಲೇ ಸಾಯುತ್ತದೆ. ಕಂಪೈಲರಿಗೆ ಕೊಟ್ಟ ಎಲ್ಲ ಸೂಚನೆಗಳನ್ನೂ ಕಾಗದದ ಮೇಲೆ ಬರೆದಿಡಿ. ನನ್ನವು ಈಗ ಅಪ್ಪನ ಮಳೆ ಪುಸ್ತಕದ ಹಿಂದಿನ ರಟ್ಟಿನ ಒಳಗೆ ಅಂಟಿಸಿವೆ.

ನಿನ್ನೆ ಕಂಪ್ಯೂಟರ್ ಮತ್ತೆ ಹೊಸ ಆವೃತ್ತಿಗೆ ಏರಲೇ ಎಂದು ಕೇಳಿದೆ. ಹೂವು ಆಗಿದೆ, ಆಮೇಲೆ ಕಾಯಿ ಕಚ್ಚಿ ನಿಲ್ಲಲು ಬೇಕಾದ ಬ್ಯಾಕಿಂಗ್ ಮಳೆ ಇನ್ನೂ ಬರಬೇಕು. ಆ ಮಳೆ ಬಂದು ಹೋಗುವವರೆಗೆ ಹೊಸ ಆವೃತ್ತಿಯನ್ನು ಮುಟ್ಟುವುದಿಲ್ಲ.